ಅಂಟು ಬಿಟ್ಟ ಜಾಗ: ಮರದ ಯುದ್ಧವಿಮಾನಗಳ ರಿಪೇರಿ ಬಗ್ಗೆ ಒಂದಿಷ್ಟು ಮಾತು

(ಹಾಸನದಲ್ಲಿ ಐಟಿಐ ವಿದ್ಯಾರ್ಥಿಗಳು ಮತ್ತು ಊರಿನವರ ಮುಂದೆ ಆಡಿದ ಮಾತುಗಳ ಬರಹ ರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲುಗಳಲ್ಲಿ ಐಟಿಐ ಹುಡುಗ ಹುಡುಗಿಯರು ಕೂತಿದ್ದೀರಿ. ಹಿಂದೆ ನಾಲ್ಕೈದು ಜನ ಆಚಾರರು ಕಾಣುತ್ತಿದ್ದಾರೆ. ಸಕಲೇಶಪುರ, ಆಲೂರು ಕಡೆಯ ಬೆಳೆಗಾರರೂ ಬಂದಿದ್ದೀರಿ. ಮರದ ವಿಷಯದಲ್ಲಿ ನಿಮಗೆ ನಾನು ಹೊಸದಾಗಿ ಹೇಳಬೇಕಾದ್ದು ಕಡಿಮೆ. ವಿಮಾನದ ವಿಷಯ ಮಾತ್ರ ಹೇಳುತ್ತೇನೆ.

ನಾನು ಎಂಜಿನಿಯರ್ ಅಲ್ಲ. ಬೆಂಗಳೂರಿನಲ್ಲಿ ಗ್ಲೈಡರ್ (ಎಂಜಿನ್ ಇಲ್ಲದೆ ತೇಲುವ ವಿಮಾನ) ಮತ್ತು ಸಣ್ಣ ತರಬೇತಿ ವಿಮಾನಗಳ ಮರದ ಕೆಲಸ, ಬಟ್ಟೆ ಕೆಲಸ ಮಾಡಿ ನಿವೃತ್ತನಾದವನು. ಇವತ್ತು ಜಾಸ್ತಿ ಮಾತಾಡುವುದು ಮಸ್ಕಿಟೊ ಅನ್ನುವ ಬ್ರಿಟಿಷ್ ಯುದ್ಧವಿಮಾನದ ಬಗ್ಗೆ. ಅದರ ಮೇಲೆ ನಾನು ಕೈ ಇಟ್ಟವನಲ್ಲ. ಆದರೆ ಅದಕ್ಕೆ ಬಂದ ಕಾಯಿಲೆ, ನನ್ನ ಮೇಜಿಗೆ ಬರುತ್ತಿದ್ದ ಸಣ್ಣ ರೆಕ್ಕೆಗಳಿಗೆ ಬರುತ್ತಿದ್ದ ಕಾಯಿಲೆ, ಎರಡೂ ಒಂದೇ. ಎಂಬತ್ತು ವರ್ಷದ ಮರದ ವಿಮಾನವನ್ನು ರಿಪೇರಿ ಮಾಡುವವರು ಮರಕ್ಕಿಂತ ಮೊದಲು ಹುಡುಕುವುದು ಅಂಟು ಬಿಟ್ಟ ಜಾಗವನ್ನು. ಯಾಕೆ ಅನ್ನೋದನ್ನೇ ಇವತ್ತು ಹೇಳಬೇಕು.

ಮೊದಲು ವಿಮಾನದ ಪರಿಚಯ. ಎರಡನೇ ಮಹಾಯುದ್ಧ ಶುರುವಾದಾಗ ಇಂಗ್ಲೆಂಡಿನಲ್ಲಿ ಅಲ್ಯೂಮಿನಿಯಂಗೆ ಎಲ್ಲಿಲ್ಲದ ಬೇಡಿಕೆ. ಲೋಹದ ಕೆಲಸ ಬಲ್ಲವರಿಗೂ ಹಾಗೆಯೇ. ಇತ್ತ ಕುರ್ಚಿ ಮೇಜು ಮಾಡುವ ಕಾರ್ಖಾನೆಗಳಲ್ಲಿ ಒಳ್ಳೊಳ್ಳೆಯ ಬಡಗಿಗಳು ಕೈಕಟ್ಟಿ ಕೂತಿದ್ದರು. ಡಿ ಹ್ಯಾವಿಲೆಂಡ್ ಕಂಪನಿ ಇದನ್ನು ನೋಡಿ, ಬಾಂಬರ್ ವಿಮಾನವನ್ನೇ ಮರದಲ್ಲಿ ಮಾಡುತ್ತೇವೆ ಅಂದಿತು. ಇಬ್ಬರೇ ಸಿಬ್ಬಂದಿ, ಎರಡು ಮರ್ಲಿನ್ ಎಂಜಿನ್. ಬಾಂಬರ್‌ಗೆ ಬಂದೂಕೇ ಬೇಡ, ವೇಗವೇ ರಕ್ಷಣೆ ಅನ್ನುವ ಲೆಕ್ಕ. ಮೇಲಿನ ಅಧಿಕಾರಿಗಳು ತುಂಬಾ ಜನ ನಂಬಲಿಲ್ಲ. ಲಂಡನ್ ಹತ್ತಿರದ ಸಾಲ್ಸ್‌ಬರಿ ಹಾಲ್ ಅನ್ನುವ ಹಳೆಯ ಬಂಗಲೆಯಲ್ಲಿ ಕೂತು ಅದರ ನಕ್ಷೆ ಬಿಡಿಸಿದರು. 1940ರ ನವೆಂಬರ್ 25ರಂದು ಹ್ಯಾಟ್‌ಫೀಲ್ಡ್‌ನಲ್ಲಿ ಮೊದಲ ವಿಮಾನ ಹಾರಿತು. ಮರುವರ್ಷದ ಪರೀಕ್ಷೆಯಲ್ಲಿ ಗಂಟೆಗೆ ಸುಮಾರು 630 ಕಿಲೋಮೀಟರ್ ವೇಗ ಮುಟ್ಟಿತು. ಆಗಿನ ಸ್ಪಿಟ್‌ಫೈರ್‌ಗಿಂತಲೂ ಜಾಸ್ತಿ. ಆಮೇಲೆ ಯಾರೂ ತಕರಾರು ಮಾಡಲಿಲ್ಲ. ಒಟ್ಟು 7,781 ವಿಮಾನ ತಯಾರಾದವು. ಇಂಗ್ಲೆಂಡಿನಲ್ಲಷ್ಟೇ ಅಲ್ಲ, ಕೆನಡಾ ಮತ್ತು ಆಸ್ಟ್ರೇಲಿಯಾದಲ್ಲೂ.

ಇಷ್ಟನ್ನು ಯಾವ ಪುಸ್ತಕದಲ್ಲಾದರೂ ಓದಬಹುದು. ನನಗೆ ಇಷ್ಟವಾಗುವುದು ಅದನ್ನು ಕಟ್ಟಿದ ರೀತಿ.

ವಿಮಾನದ ಒಡಲನ್ನು ಉದ್ದಕ್ಕೆ ಸೀಳಿದ ಎರಡು ಹೋಳಾಗಿ ಮಾಡುತ್ತಿದ್ದರು. ಅವರೆಕಾಯಿಯನ್ನು ಬಿಡಿಸಿದರೆ ಸಿಪ್ಪೆ ಎರಡು ಭಾಗ ಆಗುತ್ತಲ್ಲ, ಹಾಗೆ. ಎಡಗಡೆಗೆ ಒಂದು ಅಚ್ಚು, ಬಲಗಡೆಗೆ ಒಂದು. ಅಚ್ಚು ಅಂದರೆ ಮಹಾಗನಿಯದೋ ಕಾಂಕ್ರೀಟಿನದೋ ದೊಡ್ಡ ಉಬ್ಬು ದಿಮ್ಮಿ. ಅದರ ಮೇಲೆ ತೆಳುವಾದ ಬರ್ಚ್ ಮರದ ಪ್ಲೈವುಡ್ ಹಾಸಿ, ಅಂಟು ಹಚ್ಚಿ, ಅದರ ಮೇಲೆ ಒಂದು ಸೆಂಟಿಮೀಟರ್‌ನಷ್ಟು ದಪ್ಪದ ಬಾಲ್ಸಾ ಮರ ಜೋಡಿಸಿ, ಮತ್ತೆ ಅಂಟು, ಮೇಲೆ ಇನ್ನೊಂದು ಪದರ ಬರ್ಚ್ ಪ್ಲೈ. ಉಕ್ಕಿನ ಪಟ್ಟಿಗಳಿಂದ ಬಿಗಿದು ಒಣಗಲು ಬಿಡುವುದು. ಒಣಗಿದ ಮೇಲೆ ಅಚ್ಚಿನಿಂದ ಎತ್ತಿದರೆ ಗಟ್ಟಿಯಾದ ಒಂದು ಹೋಳು. ಎರಡೂ ಹೋಳುಗಳನ್ನು ಜೋಡಿಸುವ ಮೊದಲೇ ಒಳಗಿನ ತಂತಿ, ಕೊಳವೆ, ಪೈಪುಗಳನ್ನು ಜೋಡಿಸುತ್ತಿದ್ದರು. ಒಳಗೆ ನುಸುಳಿಕೊಂಡು ಕೈಯಾಡಿಸುವ ಒದ್ದಾಟ ಇಲ್ಲ. ಕೂಡಿಸಿದ ಮೇಲೆ ಹೊರಗಿನಿಂದ ಹತ್ತಿಯ ಬಟ್ಟೆ ಅಂಟಿಸಿ, ಡೋಪ್ ಅನ್ನುವ, ಬಟ್ಟೆಯನ್ನು ಬಿಗಿ ಮಾಡುವ ಮೆರುಗೆಣ್ಣೆ ಬಳಿದು ನುಣುಪು ಮಾಡುತ್ತಿದ್ದರು. ಮಡಪೊಲಂ ಅನ್ನುವ ಆ ಬಟ್ಟೆ ಒಂದು ಕಾಲಕ್ಕೆ ಆಂಧ್ರದ ನರಸಾಪುರದ ಕಡೆಯಿಂದ ಇಂಗ್ಲೆಂಡಿಗೆ ಹೋಗುತ್ತಿದ್ದದ್ದು.

ರೆಕ್ಕೆ ಮಾತ್ರ ಒಂದೇ ತುಂಡು. ಈ ತುದಿಯಿಂದ ಆ ತುದಿಗೆ 16.5 ಮೀಟರ್. ಒಳಗೆ ಸ್ಪ್ರೂಸ್ ಅನ್ನುವ, ಚಳಿ ದೇಶದ ಹಗುರ ಮರದ ಎರಡು ಉದ್ದ ತೊಲೆ, ಮೇಲೆ ಕೆಳಗೆ ಪ್ಲೈವುಡ್ ಹೊದಿಕೆ. ಮೇಲುಗಡೆಯ ಹೊದಿಕೆ ಎರಡು ಪದರದ್ದು, ನಡುವೆ ಉದ್ದುದ್ದ ಮರದ ಪಟ್ಟಿಗಳು.

ಇಲ್ಲಿ ಮರದ ವ್ಯಾಪಾರ ಮಾಡುವವರಿಗೆ ಸಿಎಫ್‌ಟಿ (ಘನ ಅಡಿ) ಲೆಕ್ಕದಲ್ಲೇ ಹೇಳುತ್ತೇನೆ. ಒಂದು ಸಿಎಫ್‌ಟಿ ಒಣ ತೇಗ ಹತ್ತಿರ ಹತ್ತಿರ 18 ಕಿಲೋ ತೂಗುತ್ತದೆ. ಬೀಟೆ ಆದರೆ 24 ಕಿಲೋ ಹಿಡಿಯಿರಿ. ಸ್ಪ್ರೂಸ್ 12 ಕಿಲೋ. ಬಾಲ್ಸಾ ನಾಲ್ಕೂವರೆ ಕಿಲೋ. ಬಾಲ್ಸಾ ಮರಕ್ಕೆ ಉಗುರು ಒತ್ತಿದರೆ ಗುರುತು ಬೀಳುತ್ತದೆ. ಅಂಥ ಮರದಲ್ಲಿ ಬಾಂಬರ್ ಮಾಡಿದರು ಅಂದರೆ ನಗು ಬರುತ್ತದೆ ಅಲ್ವಾ? ಆದರೆ ಅಲ್ಲಿ ಬಾಲ್ಸಾಗೆ ಇರುವ ಕೆಲಸ ಒಂದೇ. ಎರಡು ಪ್ಲೈ ಹಾಳೆಗಳನ್ನು ಒಂದರಿಂದ ಒಂದು ದೂರ ಹಿಡಿದಿಡುವುದು. ಬಾಗಿಸಲು ಹೋದರೆ ಒಂದು ಬದಿಯ ಹಾಳೆ ಎಳೆತ ತಡೆಯುತ್ತದೆ, ಇನ್ನೊಂದು ಬದಿಯದು ಒತ್ತಡ ತಡೆಯುತ್ತದೆ. ಹಾಳೆಗಳು ದೂರ ಇದ್ದಷ್ಟೂ ಬಿಗಿ ಜಾಸ್ತಿ. ಇವತ್ತಿನ ವಿಮಾನಗಳಲ್ಲಿ ಬಾಲ್ಸಾ ಜಾಗಕ್ಕೆ ಜೇನುಗೂಡಿನ ಆಕಾರದ ಹಗುರ ಹಾಳೆ, ಬರ್ಚ್ ಜಾಗಕ್ಕೆ ಕಾರ್ಬನ್ ನಾರು ಬಂದಿದೆ. ಲೆಕ್ಕ ಅದೇ.

ಈಗ ಒಂದು ಕ್ಷಣ ಯೋಚನೆ ಮಾಡಿ. ಈ ಇಡೀ ವ್ಯವಸ್ಥೆ ನಿಂತಿರುವುದು ಯಾವುದರ ಮೇಲೆ? ಪ್ಲೈ ಹಾಳೆ ಬಾಲ್ಸಾದಿಂದ ಬಿಟ್ಟುಕೊಂಡರೆ ಕೈಯಲ್ಲಿ ಉಳಿಯುವುದು ಎರಡು ತೆಳು ತಗಡಿನಂಥ ಹಾಳೆ, ಒಂದು ಮೆತ್ತನೆಯ ಮರದ ತುಂಡು. ಎಲ್ಲ ಭಾರವೂ ಅಂಟಿನ ಮೇಲೆ.

ಆ ಅಂಟಿಗೂ ಹಾಸನಕ್ಕೂ ಸಂಬಂಧ ಇದೆ ಅಂದರೆ ನಂಬುತ್ತೀರಾ? ಮೊದಲ ಮಸ್ಕಿಟೊಗಳನ್ನು ಅಂಟಿಸಿದ್ದು ಕೇಸಿನ್ ಅಂಟಿನಲ್ಲಿ. ಕೇಸಿನ್ ಅಂದರೆ ಹಾಲಿನದು. ಕೆನೆ ತೆಗೆದ ಹಾಲನ್ನು ಒಡೆಸಿ, ಬಂದ ಗಟ್ಟಿಯನ್ನು ತೊಳೆದು, ಒಣಗಿಸಿ, ಪುಡಿ ಮಾಡಿ, ಸುಣ್ಣ ಮತ್ತು ನೀರು ಸೇರಿಸಿ ಕಲಸಿದರೆ ಅಂಟು ರೆಡಿ. ಹಾಲಿನ ಜಿಲ್ಲೆಯವರು ನೀವು, ಮನೆಯಲ್ಲೇ ಮಾಡಿ ನೋಡಬಹುದು. ಒಣಗಿದ ಮೇಲೆ ಮರವನ್ನು ಬಲವಾಗಿ ಹಿಡಿಯುತ್ತದೆ. ಬಜ್ಜರದಂಥ ಪ್ರಾಣಿಜನ್ಯ ಅಂಟಿಗಿಂತ ನೀರನ್ನೂ ಚೆನ್ನಾಗಿ ತಡೆಯುತ್ತದೆ. ತೊಂದರೆ ಏನೆಂದರೆ ಅದು ಎಷ್ಟಾದರೂ ಹಾಲು. ತೇವ ನಿಂತರೆ ಬೂಸ್ಟು ಹಿಡಿಯುತ್ತದೆ. ಬೂಸ್ಟು ಅಂಟನ್ನೇ ತಿನ್ನುತ್ತದೆ. ಅದಕ್ಕೇ ಮುಂದೆ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟಿಗೆ ಬದಲಾಯಿಸಿದರು. ಒಂದು ಹಲಗೆಗೆ ಅಂಟು, ಕೂಡುವ ಇನ್ನೊಂದು ಹಲಗೆಗೆ ಗಟ್ಟಿಯಾಗಿಸುವ ದ್ರಾವಣ. ಎರಡನ್ನೂ ಒತ್ತಿ ಹಿಡಿದಾಗಲೇ ಸೆಟ್ ಆಗಲು ಶುರು. ಬೂಸ್ಟಿನ ಕಾಟ ಹೋಯಿತು. ಆದರೆ ಎರಡು ಮೈ ಸರಿಯಾಗಿ ಕೂಡದೆ ನಡುವೆ ಸಂದು ಉಳಿದರೆ ಯಾವ ಅಂಟೂ ಕಾಪಾಡುವುದಿಲ್ಲ.

ಇನ್ನು ನಮ್ಮ ದೇಶದ ಕಥೆಗೆ ಬರುತ್ತೇನೆ. 1944ರಲ್ಲಿ ಬೆಂಗಳೂರಿನ ಯಲಹಂಕದಲ್ಲಿ ಮಸ್ಕಿಟೊ ಹಾರಿಸುವುದನ್ನು ಕಲಿಸುವ ಬ್ರಿಟಿಷ್ ವಾಯುಪಡೆಯ ಘಟಕ ಇತ್ತು. ಬರ್ಮಾ ಕಡೆಯ ಯುದ್ಧಕ್ಕೆ ಹೋಗುವ ಸ್ಕ್ವಾಡ್ರನ್‌ನವರು ಹಳೆಯ ವಿಮಾನ ಬಿಟ್ಟು ಮಸ್ಕಿಟೊ ಕಲಿತದ್ದು ಇಲ್ಲೇ. ಅದೇ ವರ್ಷ ಭಾರತದಲ್ಲಿ ಹಾರುತ್ತಿದ್ದ ಕೆಲವು ಮಸ್ಕಿಟೊಗಳ ರೆಕ್ಕೆ ಗಾಳಿಯಲ್ಲೇ ಮುರಿಯಿತು. ಹುಡುಗರು ಸತ್ತರು. ಅಕ್ಟೋಬರ್‌ನಲ್ಲಿ ಒಂದರ ಹಿಂದೆ ಒಂದು ಅಪಘಾತ ಆಯಿತು. ನವೆಂಬರ್‌ನಲ್ಲಿ ಈ ಭಾಗದ ಮಸ್ಕಿಟೊಗಳ ಹಾರಾಟವನ್ನೇ ನಿಲ್ಲಿಸಿ ಒಂದೊಂದನ್ನೂ ತಪಾಸಣೆ ಮಾಡಬೇಕಾಯಿತು.

ಮೊದಲು ಎಲ್ಲರ ಬಾಯಲ್ಲೂ ಬಂದ ಮಾತು ಏನು? ಇಲ್ಲಿನ ಬಿಸಿಲು, ಇಲ್ಲಿನ ಮಳೆ, ಈ ಹವೆಗೆ ಮರದ ವಿಮಾನ ಆಗಿಬರುವುದಿಲ್ಲ. ತನಿಖೆಗೆ ಇಂಗ್ಲೆಂಡಿನಿಂದ ಜನ ಬಂದರು. ಕಂಪನಿಯ ಮನೆತನದ ಹಿಯರ್‌ವರ್ಡ್ ಡಿ ಹ್ಯಾವಿಲೆಂಡ್ ಕೂಡ ಬಂದರು. ರೆಕ್ಕೆಗಳನ್ನು ಬಿಚ್ಚಿ ನೋಡಿದಾಗ ಕಂಡದ್ದು ಬೇರೆ. ತೇವ ಒಳಗೆ ಹೋಗಿದ್ದು ನಿಜ, ಮೇಲಿನ ಪ್ಲೈ ಉಬ್ಬಿ ಕುಗ್ಗಿದ್ದು ನಿಜ. ಆದರೆ ಕೆಲವು ರೆಕ್ಕೆಗಳಲ್ಲಿ ತೊಲೆಗೂ ಮೇಲಿನ ಹೊದಿಕೆಗೂ ನಡುವೆ ಕಾರ್ಖಾನೆಯಲ್ಲೇ ಸಂದು ಬಿಟ್ಟಿತ್ತು. ಅಂಟು ಸಾಲದ ಜಾಗಗಳಿದ್ದವು. ಯುದ್ಧದ ಅವಸರದಲ್ಲಿ ಹೊಸಬರು ಮಾಡಿದ ಕೆಲಸ. ಮಳೆ ಮಾಡಿದ್ದು ಇಷ್ಟೇ, ಮೊದಲೇ ಬಿಟ್ಟಿದ್ದ ಜಾಗಕ್ಕೆ ನುಗ್ಗಿ ಅದನ್ನು ದೊಡ್ಡದು ಮಾಡಿತು. ಆಮೇಲೆ ರೆಕ್ಕೆಯ ಮೇಲೆ, ಹೊದಿಕೆಯ ಹಾಳೆಗಳು ಕೂಡುವ ಗೆರೆಯ ಉದ್ದಕ್ಕೂ ಒಂದು ಪ್ಲೈವುಡ್ ಪಟ್ಟಿ ಅಂಟಿಸಿ ಮುಚ್ಚುವ ಆದೇಶ ಬಂತು. ಅದಕ್ಕೆ 638ನೇ ಮಾರ್ಪಾಡು ಅಂತ ನಂಬರ್. ಬಿಸಿಲು ಹೀರದಿರಲಿ ಅಂತ ಇಲ್ಲಿನ ವಿಮಾನಗಳಿಗೆ ಬೆಳ್ಳಿ ಬಣ್ಣ ಹೊಡೆದರು.

ನನಗೆ ಈ ಕಥೆಯಲ್ಲಿ ಸಿಟ್ಟು ಬರುವ ಒಂದು ಭಾಗ ಇದೆ. ಇವತ್ತಿಗೂ ಎಷ್ಟೋ ಬರಹಗಳಲ್ಲಿ 'ಪೂರ್ವದೇಶದ ಹವೆಗೆ ಮಸ್ಕಿಟೊ ಕರಗಿಹೋಯಿತು' ಅಂತಲೇ ಬರೆದಿರುತ್ತಾರೆ. ನಮ್ಮ ಮಳೆಯ ತಲೆಗೆ ಕಟ್ಟಿಬಿಡುವುದು ಸುಲಭ. ಮಲೆನಾಡಿನಲ್ಲಿ ನೂರು ವರ್ಷದ ಹೆಂಚಿನ ಮನೆಯ ಜಂತೆ ಈಗಲೂ ಗಟ್ಟಿ ಇರುತ್ತದೆ. ಎಲ್ಲಿ ಲಡ್ಡು ಹಿಡಿದಿರುತ್ತದೆ ನೋಡಿ. ಹೆಂಚು ಸರಿದು ನೀರು ಇಳಿದ ಕಡೆ, ಗೋಡೆಯೊಳಗೆ ತೊಲೆಯ ತಲೆ ಹೂತ ಕಡೆ. ಇದು ಹಿಂದೆ ಕೂತಿರುವ ಆಚಾರರಿಗೆ ಗೊತ್ತಿರುವಷ್ಟು ಆ ಬರಹಗಾರರಿಗೆ ಗೊತ್ತಿರಲಿಕ್ಕಿಲ್ಲ.

ಹಾಗಾದರೆ ಹಳೆಯ ಮರದ ರೆಕ್ಕೆ ಮೇಜಿನ ಮೇಲೆ ಬಂದಾಗ ಏನು ಮಾಡುತ್ತೇವೆ?

ಮೊದಲು ಉಳಿ ಹಿಡಿಯುವುದಿಲ್ಲ. ನೋಡುತ್ತೇವೆ, ತಟ್ಟುತ್ತೇವೆ, ಮೂಸುತ್ತೇವೆ. ಹೌದು, ಮೂಸುವುದು. ತಪಾಸಣೆಯ ಕಿಂಡಿ ತೆಗೆದ ಕೂಡಲೇ ಮೂಗಿಗೆ ಬರುವ ವಾಸನೆ ಅರ್ಧ ವರದಿ ಕೊಡುತ್ತದೆ. ಮಳೆಗಾಲದಲ್ಲಿ ಮುಚ್ಚಿಟ್ಟ ಅಟ್ಟದ ವಾಸನೆ ಬಂದರೆ ಒಳಗೆ ಎಲ್ಲೋ ನೀರು ನಿಂತಿದೆ. ಆಮೇಲೆ ಒಂದು ನಾಣ್ಯ ತೆಗೆದುಕೊಂಡು ಪ್ಲೈ ಮೇಲೆ ತಟ್ಟುತ್ತಾ ಹೋಗುವುದು. ಅಂಟು ಹಿಡಿದಿರುವ ಕಡೆ ಚುಟುಕಾದ, ಗಟ್ಟಿ ಸದ್ದು. ಬಿಟ್ಟಿರುವ ಕಡೆ ಸದ್ದು ಸಡಿಲ, ಟೊಳ್ಳು. ಅದನ್ನು ಪೆನ್ಸಿಲಿನಲ್ಲಿ ಗುರುತು ಮಾಡುತ್ತಾ ಹೋದರೆ ಕೊನೆಗೆ ರೆಕ್ಕೆಯ ಮೇಲೆ ಒಂದು ನಕ್ಷೆಯೇ ಮೂಡುತ್ತದೆ. ಹೆಚ್ಚಿನ ಸಲ ಅದು ನೀರು ಹರಿದ ದಾರಿಯ ನಕ್ಷೆ. ರೆಕ್ಕೆಯ ಕೆಳಗಡೆ, ಒಳಗಿನ ನೀರು ಇಳಿದುಹೋಗಲಿ ಅಂತ ಸಣ್ಣ ಸಣ್ಣ ತೂತು ಬಿಟ್ಟಿರುತ್ತಾರೆ. ಯಾರೋ ಪುಣ್ಯಾತ್ಮ ಬಣ್ಣ ಹೊಡೆಯುವಾಗ ಅದನ್ನು ಮುಚ್ಚಿರುತ್ತಾನೆ, ಇಲ್ಲದಿದ್ದರೆ ಕಣಜ ಮಣ್ಣು ಮೆತ್ತಿ ಗೂಡು ಕಟ್ಟಿರುತ್ತದೆ. ಆ ತೂತಿನ ಸುತ್ತಮುತ್ತ ನೋಡಿದರೆ ಸಾಕು, ಕಾಯಿಲೆ ಅಲ್ಲೇ ಸಿಗುತ್ತದೆ.

ಇನ್ನೊಂದು ಗುರುತು, ಬೋಲ್ಟ್ ತೂತಿನ ಸುತ್ತ ಕಪ್ಪು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಎಂಜಿನ್, ಚಕ್ರ, ರೆಕ್ಕೆಯ ಬುಡ, ಎಲ್ಲಿ ಲೋಹದ ಫಿಟಿಂಗ್ ಮರಕ್ಕೆ ಕೂಡುತ್ತದೋ ಅಲ್ಲಿ ಮರವನ್ನು ತೂರಿಕೊಂಡು ಉಕ್ಕಿನ ಬೋಲ್ಟ್ ಹೋಗಿರುತ್ತದೆ. ತೇವ ಸೇರಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಮರದಲ್ಲಿರುವ ಒಗರಿನ ಅಂಶ ಆ ಕಬ್ಬಿಣದ ಜೊತೆ ಸೇರಿ ಕಡುನೀಲಿಗಪ್ಪು ಬಣ್ಣ ಕೊಡುತ್ತದೆ. ಹಳೇ ಬಾಗಿಲಿನ ಮೊಳೆ ಸುತ್ತ ನೀವೆಲ್ಲ ನೋಡಿರುವ ಕಪ್ಪೇ ಅದು. ಬೋಲ್ಟ್ ಹೊರಗೆ ಎಳೆದಾಗ ತೂತಿನ ಅಂಚು ಬರೀ ಮೇಲೆ ಕಪ್ಪಾಗಿದ್ದರೆ ಪರವಾಗಿಲ್ಲ. ತೆಳುವಾದ ಕಡ್ಡಿ ಹಾಕಿ ಒಳಗೋಡೆ ಕೆರೆದಾಗ ಮರ ಎಳೆಎಳೆಯಾಗಿ ಬರುವ ಬದಲು ಪುಡಿಯಾಗಿ ಬಂದರೆ ಕೆಲಸ ಕೆಟ್ಟಿತು ಅಂತ. ಹೊರಗಿನಿಂದ ಆ ತೊಲೆ ಹೊಸದರಂತೆ ಹೊಳೆಯುತ್ತಿರುತ್ತದೆ. ವಾರ್ನಿಷ್ ಯಾವತ್ತೂ ಸುಳ್ಳು ಹೇಳುತ್ತದೆ.

ತೊಲೆಯ ಕೆಟ್ಟ ಭಾಗ ಕತ್ತರಿಸಿ ಹೊಸ ಮರ ಸೇರಿಸುವಾಗ ನೇರ ಕತ್ತರಿಸಿ ಅಂಟಿಸುವಂತಿಲ್ಲ. ಎಳೆಗೆ ಅಡ್ಡವಾಗಿ ಕಡಿದ ತುದಿಗೆ ಅಂಟು ಹಿಡಿಯುವುದಿಲ್ಲ ಅನ್ನೋದು ಬಡಗಿಗಳಿಗೆಲ್ಲ ಗೊತ್ತು. ಓರೆಯಾಗಿ ಸೀಳಬೇಕು. ಒಂದು ಇಂಚು ದಪ್ಪದ ಮರಕ್ಕೆ ಹನ್ನೆರಡು ಇಂಚು ಉದ್ದದ ಓರೆ. ಎರಡೂ ಮೈಯನ್ನು ಕೀಸುಳಿಯಲ್ಲಿ ಹೆರೆದು, ಒಂದರ ಮೇಲೊಂದು ಇಟ್ಟು ದೀಪಕ್ಕೆ ಹಿಡಿದರೆ ಬೆಳಕು ಕಾಣಬಾರದು. ಮರಳು ಕಾಗದದಿಂದ ಉಜ್ಜಿದರೆ ಕೆಲಸ ಸಲೀಸು. ಆದರೆ ಧೂಳು ಮರದ ರಂಧ್ರದಲ್ಲಿ ತುಂಬಿಕೊಂಡು ಅಂಟು ಇಳಿಯಲು ಬಿಡುವುದಿಲ್ಲ. ಆದ್ದರಿಂದ ಹರಿತವಾದ ಅಲಗೇ ಬೇಕು. ಮರ ಆರಿಸುವುದೂ ಒಂದು ವಿದ್ಯೆ. ವಿಮಾನಕ್ಕೆ ಬಳಸುವ ಸ್ಪ್ರೂಸ್‌ನಲ್ಲಿ ಒಂದು ಇಂಚಿಗೆ ಕಡಿಮೆ ಅಂದರೂ ಆರು ವರ್ಷದ ಬಳೆಗಳಿರಬೇಕು. ಎಳೆ ಹದಿನೈದು ಇಂಚು ಉದ್ದದಲ್ಲಿ ಒಂದು ಇಂಚಿಗಿಂತ ಜಾಸ್ತಿ ಓರೆಯಾಗಬಾರದು. ದೊಡ್ಡ ರಾಶಿಯಲ್ಲಿ ಹುಡುಕಿದರೂ ಕೈಗೆ ಬರುವುದು ನಾಲ್ಕು ಹಲಗೆ. ಉಳಿದದ್ದು ಕಿಟಕಿಗೆ.

ಪ್ರತಿ ಸಲ ಅಂಟು ಕಲಸಿದಾಗಲೂ ಅದೇ ಅಂಟಿನಲ್ಲಿ ಎರಡು ಚೂರು ಮರ ಅಂಟಿಸಿ ಪಕ್ಕಕ್ಕೆ ಇಡುತ್ತೇವೆ. ತಾರೀಕು ಬರೆದು. ಒಣಗಿದ ಮೇಲೆ ಆ ಚೂರನ್ನು ಮುರಿಯುವುದು. ಮರ ಹರಿದು ಅಂಟು ಉಳಿದರೆ ಪಾಸು. ಅಂಟಿನ ಗೆರೆಯಲ್ಲೇ ನುಣ್ಣಗೆ ಬಿಟ್ಟುಕೊಂಡರೆ ಅವತ್ತು ಮಾಡಿದ ಕೆಲಸವೆಲ್ಲ ಬಿಚ್ಚಬೇಕು. ಯಾರ ಮುಖ ನೋಡುವಂತಿಲ್ಲ. ನಮ್ಮಲ್ಲಿ ಒಬ್ಬರು ಹಿರಿಯ ಮೇಸ್ತ್ರಿ ಇದ್ದರು. ಆ ಚೂರುಗಳನ್ನು ಅವರೇ ಮುರಿಯಬೇಕು, ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಚೂರು ಮುರಿದ ಸದ್ದಿಗೇ ಹುಡುಗರು ಕೆಲಸ ನಿಲ್ಲಿಸಿ ಅವರ ಮುಖ ನೋಡುತ್ತಿದ್ದರು.

ಇದು ಸಣ್ಣ ರೆಕ್ಕೆಯ ಮಾತು. ಮಸ್ಕಿಟೊ ಮಟ್ಟಿಗೆ ಹೇಳುವುದಾದರೆ, ಹೆಚ್ಚಿನವು ಯುದ್ಧ ಮುಗಿದ ಮೇಲೆ ಬಯಲಲ್ಲಿ ನಿಂತು ಕೊಳೆತವು. ಲೋಹದ ವಿಮಾನವಾದರೆ ಮೂವತ್ತು ವರ್ಷ ಹೊಲದಲ್ಲಿ ಬಿದ್ದಿದ್ದರೂ ಏನಾದರೂ ಉಳಿಯುತ್ತದೆ. ಮರದ್ದು ಉಳಿಯುವುದಿಲ್ಲ. ಹಾರುವ ಸ್ಥಿತಿಯಲ್ಲಿ ಇಂಗ್ಲೆಂಡಿನಲ್ಲಿ ಕೊನೆಗೆ ಉಳಿದಿದ್ದ ಒಂದೇ ಒಂದು ಮಸ್ಕಿಟೊ 1996ರ ಜುಲೈನಲ್ಲಿ ಪ್ರದರ್ಶನ ಮಾಡುವಾಗ ಬಿದ್ದು ಇಬ್ಬರೂ ತೀರಿಕೊಂಡರು. ಅಲ್ಲಿ ಮರದ ತಪ್ಪಿರಲಿಲ್ಲ, ಎಂಜಿನ್ ಶಕ್ತಿ ಕಳೆದುಕೊಂಡಿತ್ತು. ಅಲ್ಲಿಂದ ಮುಂದೆ ಹದಿನಾರು ವರ್ಷ ಜಗತ್ತಿನಲ್ಲಿ ಎಲ್ಲೂ ಮಸ್ಕಿಟೊ ಹಾರಲಿಲ್ಲ.

ಮತ್ತೆ ಹಾರಿಸಬೇಕಾದರೆ ಕೊಳೆತ ಒಡಲಿಗೆ ತೇಪೆ ಹಾಕಿ ಪ್ರಯೋಜನ ಇಲ್ಲ, ಹೊಸದೇ ಕಟ್ಟಬೇಕು. ಅದಕ್ಕೆ ಅಚ್ಚು ಬೇಕು. ಆ ಅಚ್ಚು ಎಲ್ಲಿಂದ ತರುವುದು? ನ್ಯೂಜಿಲೆಂಡಿನ ಗ್ಲಿನ್ ಪೊವೆಲ್ ಅನ್ನುವವರು ವರ್ಷಗಟ್ಟಲೆ ಕೂತು ಅಚ್ಚುಗಳನ್ನೇ ಹೊಸದಾಗಿ ಮಾಡಿದರು. ನನ್ನ ಮಟ್ಟಿಗೆ ಈ ಇಡೀ ಕಥೆಯ ದೊಡ್ಡ ಮನುಷ್ಯ ಅವರೇ. ಹಾರಿಸಿದವರ ಫೋಟೊ ಎಲ್ಲ ಕಡೆ ಬರುತ್ತದೆ, ಅಚ್ಚು ಮಾಡಿದವರದು ಬರುವುದಿಲ್ಲ. ಆ ಅಚ್ಚಿನ ಮೇಲೆ ಕಟ್ಟಿದ ಒಡಲನ್ನು ಇಟ್ಟುಕೊಂಡು ಆಕ್ಲೆಂಡ್ ಹತ್ತಿರದ ಆರ್ಡ್‌ಮೋರ್‌ನಲ್ಲಿ ಆವ್‌ಸ್ಪೆಕ್ಸ್ ಅನ್ನುವ ಕಂಪನಿ, ಕೆನಡಾದಲ್ಲಿ 1945ರಲ್ಲಿ ತಯಾರಾಗಿದ್ದ ಕೆಎ114 ನಂಬರಿನ ಮಸ್ಕಿಟೊವನ್ನು ಮತ್ತೆ ಕಟ್ಟಿತು. 2012ರ ಸೆಪ್ಟೆಂಬರ್‌ನಲ್ಲಿ ಅದು ಹಾರಿತು. ಈಗ ಅಮೆರಿಕದ ವರ್ಜೀನಿಯಾದ ಮ್ಯೂಸಿಯಂನಲ್ಲಿದೆ. ಆಮೇಲೆ ಇನ್ನೂ ಕೆಲವು ಹಾರಿವೆ. ಇಂಗ್ಲೆಂಡಿನಲ್ಲಿ ಮತ್ತೊಂದು ತಂಡ ಕೆಲಸ ಮಾಡುತ್ತಿದೆ. ಅವರಿಗೆ 2017ರಲ್ಲಿ ಅದೃಷ್ಟ ಒಲಿಯಿತು. ಚೆಸ್ಟರ್ ಹತ್ತಿರದ ಹಳೆಯ ವಿಮಾನ ಕಾರ್ಖಾನೆಯ ಒಂದು ಕಟ್ಟಡ ಕೆಡವಬೇಕಾಗಿತ್ತು. ಅಲ್ಲಿ ಮಸ್ಕಿಟೊದ ಇಪ್ಪತ್ತು ಸಾವಿರಕ್ಕೂ ಜಾಸ್ತಿ ನಕ್ಷೆಗಳ ಮೈಕ್ರೋಫಿಲ್ಮ್ ಕಾರ್ಡುಗಳು ಸಿಕ್ಕಿದವು. ಇನ್ನು ಸ್ವಲ್ಪ ದಿನ ಆಗಿದ್ದರೆ ಕಸದ ಜೊತೆ ಹೋಗುತ್ತಿತ್ತು.

ಹೀಗೆ ಮತ್ತೆ ಕಟ್ಟುವಾಗ ಯಾವ ಅಂಟು ಹಾಕಬೇಕು ಅನ್ನುವ ವಿಷಯದಲ್ಲಿ ಜಗಳ ಇದೆ. ಈಗ ಎಪಾಕ್ಸಿ ಬಂದಿದೆ. ಕಂದುಗೆಂಪು ಬಣ್ಣದ ರೆಸಾರ್ಸಿನಾಲ್ ಅಂಟು ಬಂದಿದೆ. ಎರಡೂ ನೀರಿಗೆ ಜಗ್ಗುವುದಿಲ್ಲ. ಹಳೆಯ ವಿಮಾನಕ್ಕೆ ಹಳೆಯ ಅಂಟೇ ಹಾಕಬೇಕು, ಇಲ್ಲದಿದ್ದರೆ ಅದು ಅಸಲಿ ಅಲ್ಲ ಅನ್ನುವವರಿದ್ದಾರೆ. ಮ್ಯೂಸಿಯಂನಲ್ಲಿ ನಿಲ್ಲಿಸಲು ಬೇಕಾದರೆ ಹಾಲಿನ ಅಂಟು ಹಾಕಿ, ನನ್ನ ಅಡ್ಡಿ ಇಲ್ಲ. ಒಳಗೆ ಇಬ್ಬರು ಮನುಷ್ಯರನ್ನು ಕೂರಿಸಿ ಹಾರಿಸುವುದಾದರೆ ಹೊಸ ಅಂಟೇ ಹಾಕಬೇಕು ಅನ್ನುವವನು ನಾನು. ಅಸಲಿಯ ಗಲಾಟೆಗೆ ಇನ್ನೊಂದು ಉತ್ತರ ಇದೆ. ಡಬ್ಲ್ಯು4050 ನಂಬರಿನ ಮೊಟ್ಟಮೊದಲ ಮಸ್ಕಿಟೊ ಈಗಲೂ ಸಾಲ್ಸ್‌ಬರಿ ಹಾಲ್‌ನ ಮ್ಯೂಸಿಯಂನಲ್ಲಿ ಹಳದಿ ಬಣ್ಣದಲ್ಲಿ ನಿಂತಿದೆ. 1941ರ ಫೆಬ್ರವರಿಯಲ್ಲಿ ಒರಟು ನೆಲದ ಮೇಲೆ ಓಡುವಾಗ ಹಿಂಬದಿ ಚಕ್ರ ಸಿಕ್ಕಿಕೊಂಡು ಅದರ ಒಡಲೇ ಬಿರುಕು ಬಿಟ್ಟಿತ್ತು. ಆಗ ಇನ್ನೊಂದು ವಿಮಾನಕ್ಕೆ ಅಂತ ಮಾಡಿಟ್ಟಿದ್ದ ಒಡಲನ್ನು ತಂದು ಇದಕ್ಕೆ ಹಾಕಿದರು. ಮೂರು ತಿಂಗಳ ಕೂಸಾಗಿದ್ದಾಗಲೇ ಮೈ ಬದಲಾಯಿಸಿದ ವಿಮಾನ ಅದು.

ನಮ್ಮಲ್ಲಿ ಏನಿದೆ ಅಂತ ಕೇಳಬಹುದು. ಬೆಂಗಳೂರಿನ ಎಚ್‌ಎಎಲ್ 1940ರ ಕೊನೆಯಲ್ಲಿ ಶುರುವಾಯಿತು. ಅಲ್ಲಿನ ವಿ.ಎಂ. ಘಾಟ್ಗೆ ಅವರು ಮೊದಲು ವಿನ್ಯಾಸ ಮಾಡಿದ್ದು ಹತ್ತು ಜನ ಸೈನಿಕರನ್ನು ಒಯ್ಯುವ ಮರದ ಗ್ಲೈಡರ್. ಜಿ-1 ಅಂತ ಹೆಸರು, 1941ರದ್ದು. ಒಂದೇ ಒಂದು ಮಾಡಿದರು, ಅಲ್ಲಿಗೇ ನಿಂತಿತು. ಮುಂದೆ ಎಚ್‌ಟಿ-2 ತರಬೇತಿ ವಿಮಾನ ಮಾಡಿದವರೂ ಅವರೇ, ಅದು ಲೋಹದ್ದು. ಎಚ್‌ಟಿ-2 ಬರುವ ಮೊದಲು ನಮ್ಮ ಪೈಲಟ್‌ಗಳು ಕಲಿತದ್ದು ಟೈಗರ್ ಮಾತ್‌ನಲ್ಲಿ. ಒಡಲು ಉಕ್ಕಿನ ಕೊಳವೆಯದು, ರೆಕ್ಕೆ ಸ್ಪ್ರೂಸ್ ಮರದ್ದು, ಮೇಲೆ ಬಟ್ಟೆ. ವಾಯುಪಡೆ ತನ್ನ ಹಳೆಯ ಒಂದು ಟೈಗರ್ ಮಾತ್ ಅನ್ನು ಇಂಗ್ಲೆಂಡಿಗೆ ಕಳಿಸಿ ರಿಪೇರಿ ಮಾಡಿಸಿ, 2012ರ ವಾಯುಪಡೆ ದಿನದಂದು ಹಾರಿಸಿತು. ಸಂತೋಷದ ವಿಷಯ. ಆದರೆ ಮರ ಮತ್ತು ಬಟ್ಟೆ ಕೆಲಸಕ್ಕೆ ಅಷ್ಟು ದೂರ ಕಳಿಸಬೇಕಾಯಿತಲ್ಲ ಅಂತ ನನ್ನಂಥವರಿಗೆ ಹೊಟ್ಟೆಯುರಿ. ನಾವು ಗ್ಲೈಡರ್ ಕಾಲದಲ್ಲಿ ಇದೇ ಕೆಲಸ ದಿನಾ ಮಾಡುತ್ತಿದ್ದೆವು. 1961ರಲ್ಲಿ ಮೊದಲು ಹಾರಿದ ರೋಹಿಣಿ ಗ್ಲೈಡರ್ ಮರದ್ದೇ. ಫೈಬರ್ ಬಂದ ಮೇಲೆ ಮರದ ಕೋಣೆಗೆ ಹೊಸಬರನ್ನು ತೆಗೆದುಕೊಳ್ಳುವುದು ನಿಂತಿತು.

ಇನ್ನೊಂದು ಹೇಳಿ ಮುಗಿಸುತ್ತೇನೆ. ನಮ್ಮಲ್ಲಿ ಹಳೆಯ ವಿಮಾನ ಅಂದರೆ ಗೇಟಿನ ಮುಂದೆ ಕಂಬದ ಮೇಲೆ ಏರಿಸಿ ನಿಲ್ಲಿಸುವ ಅಭ್ಯಾಸ. ಜೆಟ್ ಆದರೆ ನಿಲ್ಲಿಸಿ, ಅದಕ್ಕೆ ಏನೂ ಆಗಲ್ಲ. ಒಂದು ಕಡೆ ಮರದ ರೆಕ್ಕೆಯ ವಿಮಾನವನ್ನು ಹೀಗೇ ಹೊರಗೆ ನಿಲ್ಲಿಸಿದ್ದರು. ಸೂರು ಹಾಕಿ ಅಂತ ನಾನು ಬರೆದು ಕೊಟ್ಟೆ. ಫೈಲು ಓಡಾಡಿತು. ಎರಡು ಮಳೆಗಾಲ ಕಳೆದ ಮೇಲೆ ಮಂಜೂರಾತಿ ಬಂತು, ಅಷ್ಟರಲ್ಲಿ ರೆಕ್ಕೆಯ ಪಕ್ಕೆಲುಬು ಕೈಯಲ್ಲಿ ಹಿಡಿದರೆ ಉದುರುತ್ತಿತ್ತು. ಸೂರು ಮಾತ್ರ ಚೆನ್ನಾಗಿ ಹಾಕಿದರು.

(ಆಮೇಲೆ ಕೇಳಿದ ಪ್ರಶ್ನೆಗಳು)

ಐಟಿಐ ವಿದ್ಯಾರ್ಥಿನಿ: ಸರ್, ಫೆವಿಕಾಲ್ ಹಾಕಿದರೆ ಆಗಲ್ವಾ?

ಆಗಲ್ಲಮ್ಮ. ಮನೆಯ ಮೇಜು ಕುರ್ಚಿಗೆ ಬಳಸುವ ಬಿಳಿ ಅಂಟು ಗಟ್ಟಿಯಾದ ಮೇಲೂ ಸ್ವಲ್ಪ ಜಗ್ಗುತ್ತದೆ. ಭಾರ ಒಂದೇ ಸಮ ಇದ್ದರೆ ಗಂಟೆಗಟ್ಟಲೆ ನಿಧಾನವಾಗಿ ಸರಿಯುತ್ತಾ ಹೋಗುತ್ತದೆ. ಬಿಸಿಲಿಗೆ ಮೆತ್ತಗಾಗುತ್ತದೆ. ಮಂಚಕ್ಕೆ ಅದರಿಂದ ತೊಂದರೆ ಇಲ್ಲ. ರೆಕ್ಕೆಯ ತೊಲೆ ಮಾತ್ರ ಒಂದು ಕೂದಲೆಳೆಯಷ್ಟೂ ಸರಿಯುವಂತಿಲ್ಲ.

ಒಬ್ಬ ಆಚಾರರು: ತೇಗ ಇಷ್ಟು ಗಟ್ಟಿ, ಗೆದ್ದಲು ಮುಟ್ಟಲ್ಲ. ಅದರಲ್ಲೇ ಯಾಕೆ ಮಾಡಬಾರದು?

ಒಂದು, ತೂಕ. ಎರಡು, ತೇಗದಲ್ಲಿ ಎಣ್ಣೆ ಅಂಶ ಇದೆ. ಅದೇ ಗೆದ್ದಲನ್ನು ದೂರ ಇಡುವುದು, ಅದೇ ಅಂಟನ್ನೂ ದೂರ ಇಡುವುದು. ನೀವು ತೇಗಕ್ಕೆ ಕೂಸು (ತೂತಿಗೆ ಕೂರುವ ಚಾಚು) ಕೊರೆದು ಬೆಣೆ ಹೊಡೆಯುತ್ತೀರಿ, ಅಂಟನ್ನು ನಂಬಲ್ಲ. ಅದು ಸರಿ. ವಿಮಾನದಲ್ಲಿ ಬೆಣೆ ಹೊಡೆಯುವ ಹಾಗಿಲ್ಲ, ಅಂಟನ್ನೇ ನಂಬಬೇಕು.

ಸಕಲೇಶಪುರದ ಒಬ್ಬ ಬೆಳೆಗಾರರು: ನಮ್ಮ ತೋಟದಲ್ಲಿ ಸಿಲ್ವರ್ ಓಕ್ ಸಾಲು ಸಾಲು ಇವೆ. ಪ್ಲೈವುಡ್ ಫ್ಯಾಕ್ಟರಿಯವರು ಬಂದು ಒಯ್ಯುತ್ತಾರೆ. ಅದರಲ್ಲಿ ವಿಮಾನ ಆಗುತ್ತಾ?

ಸ್ಪ್ರೂಸ್‌ಗಿಂತ ಭಾರ ಅದು. ಮೆಣಸಿನ ಬಳ್ಳಿಗೆ ಅಂತ ಬೆಳೆಸಿ, ಕೊಂಬೆ ಕಡಿಯುತ್ತಾ ಹೋಗುತ್ತೀರಿ, ಆದ್ದರಿಂದ ಗಂಟು ಜಾಸ್ತಿ. ತೊಲೆಗೆ ಆಗುವುದಿಲ್ಲ. ಪ್ಲೈ ಮಾತು ಬೇರೆ, ಅಲ್ಲಿ ಮರಕ್ಕಿಂತ ಅಂಟೇ ಮುಖ್ಯ. ನಮ್ಮ ಐಎಸ್ 710 ಮರೈನ್ ಪ್ಲೈವುಡ್ ಪರೀಕ್ಷೆಯಲ್ಲಿ ಚೂರನ್ನು 72 ಗಂಟೆ ಕುದಿಯುವ ನೀರಿನಲ್ಲಿ ಹಾಕಿ, ತೆಗೆದು, ಪದರ ಬಿಡಿಸಲು ನೋಡುತ್ತಾರೆ. ನಿಮ್ಮ ಮನೆಗೆ ತಂದ ಪ್ಲೈ ಚೂರು ಒಂದನ್ನು ಹಂಡೆಗೆ ಹಾಕಿ ನೋಡಿ. ವಿಮಾನದ ಮಾತು ಆಮೇಲೆ, ಅಡುಗೆಮನೆ ಸಿಂಕಿನ ಕೆಳಗೆ ಹಾಕಿದ ಪ್ಲೈ ಎಷ್ಟು ದಿನ ಬಾಳುತ್ತದೆ ಅನ್ನೋದು ಅಲ್ಲೇ ಗೊತ್ತಾಗುತ್ತದೆ.